ಹುಡುಕದೆ ಕೊಡುವ ತೀರ್ಪು

ಕಂಪ್ಯೂಟರ್ ಕೈಕೊಟ್ಟಿತು, ಹಳೆಯ ಸ್ಥಿತಿಗೆ ಮರಳಿಸಿದ್ದಾಯಿತು, ಮತ್ತೆ ತೆರೆದು ನೋಡಿದರೆ ಡೆಸ್ಕ್‌ಟಾಪ್ ಖಾಲಿ, ಡಾಕ್ಯುಮೆಂಟ್ಸ್ ಖಾಲಿ. ಈ ಸಂಕಟವನ್ನು ಯಾರ ಬಳಿ ಹೇಳಿಕೊಂಡರೂ ಮೊದಲು ಬರುವ ಪ್ರಶ್ನೆ ಒಂದೇ: “ಬ್ಯಾಕಪ್ ಇಟ್ಟಿರಲಿಲ್ವಾ?” ಇಲ್ಲ ಎಂದಿರೋ, ಅಲ್ಲಿಗೆ ಮುಗಿಯಿತು. ಫೈಲು ಹೋಯಿತು, ತಪ್ಪು ನಿಮ್ಮದು, ಇನ್ನು ಮುಂದಾದರೂ ಎಚ್ಚರ ಇರಲಿ. ರಿಪೇರಿ ಅಂಗಡಿಯವರು, ಕಚೇರಿಯ ಐಟಿ ವಿಭಾಗದವರು, ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, ಎಲ್ಲರ ಬಾಯಲ್ಲೂ ಈ ಮಾತು ನಿಂತುಬಿಟ್ಟಿದೆ. ಕಳೆದುಕೊಂಡವರೂ ಇದನ್ನೇ ನಂಬಿ ತಲೆತಗ್ಗಿಸುತ್ತಾರೆ.

ಇದು ಅನ್ಯಾಯದ ತೀರ್ಪು. ಜೊತೆಗೆ ಕೆಲಸ ಕೆಡಿಸುವ ತೀರ್ಪು. ಬ್ಯಾಕಪ್ ಇತ್ತೋ ಇಲ್ಲವೋ ಎಂಬುದರಿಂದ ಫೈಲು ಈಗ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಎಷ್ಟೋ ಸಲ ಅದು ಅದೇ ಡಿಸ್ಕಿನಲ್ಲಿ, ಇನ್ನೊಂದು ಫೋಲ್ಡರಿನೊಳಗೆ ಇರುತ್ತದೆ. ಹುಡುಕಬಲ್ಲವರು ಹುಡುಕದೆ ಎದ್ದುಹೋಗಲು ಈ ಮಾತು ನೆಪವಾಗುತ್ತದೆ. ಅವರ ಮಾತು ನಂಬಿ ಮನೆಗೆ ಬಂದವರು ಆಮೇಲೆ ಮಾಡುವ ಕೆಲಸಗಳಿಂದ, ಉಳಿದಿದ್ದ ಫೈಲೂ ನಿಜಕ್ಕೂ ಹೋಗುತ್ತದೆ.

ಮೊದಲನೆಯದಾಗಿ, ‘ರೀಸ್ಟೋರ್ ಮಾಡಿಸಿದೆ’ ಎಂದು ಜನ ಹೇಳುವಾಗ ಏನು ನಡೆದಿದೆ ಎಂದು ಯಾರೂ ಕೇಳುವುದಿಲ್ಲ. ವಿಂಡೋಸ್‌ನಲ್ಲಿ ಈ ಒಂದೇ ಮಾತಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಹಿಂದೆ ಗುರುತು ಹಾಕಿಟ್ಟ ದಿನಕ್ಕೆ ವ್ಯವಸ್ಥೆಯನ್ನು ಮರಳಿಸುವ ಸಿಸ್ಟಮ್ ರೀಸ್ಟೋರ್ ಒಂದು. ವಿಂಡೋಸನ್ನೇ ಹೊಸದಾಗಿ ಕೂರಿಸುವ ರೀಸೆಟ್ ಇನ್ನೊಂದು. ಹೊಸ ಆವೃತ್ತಿ ಒಗ್ಗದೆ ಹಳೆಯದಕ್ಕೆ ಹಿಂದಿರುಗುವುದು ಮೂರನೆಯದು. ಮೂರರಲ್ಲೂ ಫೈಲು ಕಾಣೆಯಾಗುವ ದಾರಿ ಬೇರೆ, ಸಿಗುವ ಜಾಗ ಬೇರೆ. ಯಾವುದು ನಡೆಯಿತು ಎಂದು ಕೇಳದವರಿಗೆ ‘ಫೈಲು ಹೋಗಿದೆ’ ಎಂದು ಹೇಳುವ ಅಧಿಕಾರ ಎಲ್ಲಿಂದ ಬಂತು?

ಸಿಸ್ಟಮ್ ರೀಸ್ಟೋರ್ 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದದ್ದು. ಆಗ ಅದು ಒಂದು ಪಟ್ಟಿ ಇಟ್ಟುಕೊಂಡು ಕೆಲಸ ಮಾಡುತ್ತಿತ್ತು: ಇಎಕ್ಸ್‌ಇ, ಡಿಎಲ್‌ಎಲ್, ಐಎನ್‌ಐ ಮುಂತಾದ ಬಾಲ ಹೊತ್ತ ಫೈಲುಗಳ ಮೇಲೆ ಕಣ್ಣು, ಪತ್ರ ಫೋಟೊಗಳ ತಂಟೆಗಿಲ್ಲ. ವಿಸ್ಟಾ ಬಂದಾಗ ಒಳಗಿನ ಯಂತ್ರ ಬದಲಾಯಿತು. ಇಡೀ ಡ್ರೈವಿನ ನೆರಳು ಪ್ರತಿ ತೆಗೆದಿಡುವ ವ್ಯವಸ್ಥೆ ಬಂತು. ಆದರೆ ಕಂಪನಿ ಕೊಡುವ ಮಾತು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ: ನಿಮ್ಮ ದಾಖಲೆ, ಚಿತ್ರ, ವೈಯಕ್ತಿಕ ಫೈಲುಗಳನ್ನು ಇದು ಮುಟ್ಟುವುದಿಲ್ಲ.

ಈ ಭರವಸೆಯನ್ನೇ ಹಿಡಿದು ನೋಡಿ. ಸಿಸ್ಟಮ್ ರೀಸ್ಟೋರ್ ದಾಖಲೆಗಳನ್ನು ಮುಟ್ಟುವುದಿಲ್ಲ ಎಂಬುದು ನಿಜವಾದರೆ, ಅದಾದ ಮೇಲೆ ಕಾಣದ ದಾಖಲೆ ಅಳಿಸಿಹೋಗಿರುವ ಸಾಧ್ಯತೆ ಕಡಿಮೆ, ಬೇರೆಡೆ ಇರುವ ಸಾಧ್ಯತೆ ಹೆಚ್ಚು. ಭರವಸೆ ಸುಳ್ಳಾದರೆ, ತಪ್ಪು ಭರವಸೆ ಕೊಟ್ಟವರದು. ‘ಮುಟ್ಟುವುದಿಲ್ಲ, ಧೈರ್ಯವಾಗಿ ಒತ್ತಿ’ ಎಂದವರೇ ಆಮೇಲೆ ‘ಬ್ಯಾಕಪ್ ಇಡಬೇಕಿತ್ತು’ ಎನ್ನುತ್ತಾರೆ. ಈ ಎರಡು ಮಾತನ್ನೂ ಒಬ್ಬರೇ ಆಡಲು ಬರುವುದಿಲ್ಲ.

ರೀಸ್ಟೋರ್ ಶುರುವಾಗುವ ಮೊದಲು ಒಂದು ಗುಂಡಿ ಕಾಣುತ್ತದೆ, ಯಾವ ಪ್ರೋಗ್ರಾಮುಗಳ ಮೇಲೆ ಪರಿಣಾಮವಾಗುತ್ತದೆ ಎಂದು ತೋರಿಸುವುದು. ಒತ್ತಿದರೆ ಪ್ರೋಗ್ರಾಮುಗಳ ಹೆಸರು ಬರುತ್ತದೆ, ಡ್ರೈವರುಗಳ ಹೆಸರು ಬರುತ್ತದೆ. ಯಾವ ಫೈಲು ಅಳಿಯುತ್ತದೆ, ಯಾವುದು ಹಳೆಯ ರೂಪಕ್ಕೆ ಹೋಗುತ್ತದೆ ಎಂಬ ಪಟ್ಟಿ ಎಲ್ಲಿಯೂ ಇಲ್ಲ. ಸ್ವಂತವಾಗಿ ಬರೆದ ಬ್ಯಾಚ್ ಫೈಲು, ತಿಂಗಳ ಹಿಂದೆ ಇಳಿಸಿಟ್ಟ ಸೆಟಪ್ ಫೈಲು ಹೀಗೇ ಸದ್ದಿಲ್ಲದೆ ಮಾಯವಾಗುತ್ತವೆ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅವು ನಿಮ್ಮವಲ್ಲ. ತೋರಿಸದ ಅಪಾಯಕ್ಕೆ ಸಿದ್ಧವಾಗಿರಲಿಲ್ಲ ಎಂದು ಜನರನ್ನು ದೂರುವುದು ಯಾವ ನ್ಯಾಯ?

ಇನ್ನೂ ಒಂದು ಸಂಗತಿ, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಸಿಸ್ಟಮ್ ರೀಸ್ಟೋರ್ ತನ್ನ ಕೆಲಸಕ್ಕೆ ಮೊದಲು ಆಗಿನ ಸ್ಥಿತಿಯ ಗುರುತೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಅದೇ ಪರದೆಯನ್ನು ಮತ್ತೆ ತೆರೆದರೆ ‘ಮಾಡಿದ್ದನ್ನು ರದ್ದುಮಾಡು’ ಎಂಬ ಆಯ್ಕೆ ಕಾಣುತ್ತದೆ. ಸೇಫ್ ಮೋಡ್‌ನಲ್ಲಿ ಮಾಡಿದ್ದರೆ ಮಾತ್ರ ಈ ಹಿಂದಿರುಗುವ ದಾರಿ ಇರುವುದಿಲ್ಲ. ಬ್ಯಾಕಪ್ ಬಗ್ಗೆ ಉಪದೇಶ ಮಾಡುವವರಲ್ಲಿ ಎಷ್ಟು ಜನ ಈ ಪರದೆ ತೆರೆದು ನೋಡಿ ಆಮೇಲೆ ಮಾತಾಡುತ್ತಾರೆ?

ರೀಸೆಟ್ ಸಂಗತಿ ಇದಕ್ಕಿಂತ ಗಂಭೀರ. ಅಲ್ಲಿ ಎರಡು ಆಯ್ಕೆ: ‘ನನ್ನ ಫೈಲುಗಳನ್ನು ಇಟ್ಟುಕೋ’, ‘ಎಲ್ಲ ತೆಗೆದುಹಾಕು’. ಮೊದಲನೆಯದನ್ನು ಒತ್ತಿದವರು ನಿಶ್ಚಿಂತೆಯಿಂದ ಒತ್ತುತ್ತಾರೆ, ಒತ್ತಬೇಕಾದ್ದೇ ಹಾಗೆ. ಆದರೆ ಪ್ರೋಗ್ರಾಮ್ ಫೈಲ್ಸ್, ಪ್ರೋಗ್ರಾಮ್ ಡೇಟಾ, ಪ್ರತಿ ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರು, ಇವು ಉಳಿಯುವ ಪಟ್ಟಿಯಲ್ಲಿ ಇಲ್ಲ. ಆ್ಯಪ್‌ಡೇಟಾ ಅಡಗಿಸಿಟ್ಟ ಫೋಲ್ಡರು, ಸಾಮಾನ್ಯ ಬಳಕೆದಾರ ಅದನ್ನು ಕಂಡೇ ಇರುವುದಿಲ್ಲ. ಆದರೆ ಅವನ ಬದುಕಿನ ಎಷ್ಟು ಭಾಗ ಅದರೊಳಗಿದೆ ನೋಡಿ. ಪರದೆಯ ಮೇಲೆ ಅಂಟಿಸಿದ ಹಳದಿ ಸ್ಟಿಕಿ ನೋಟ್ಸ್ ಎಲ್ಲ ‘ಪ್ಲಮ್ ಡಾಟ್ ಎಸ್‌ಕ್ಯೂಲೈಟ್’ ಎಂಬ ಒಂದೇ ಫೈಲಾಗಿ ಅಲ್ಲಿವೆ. ಬ್ರೌಸರಿನ ಬುಕ್‌ಮಾರ್ಕುಗಳು ಅಲ್ಲಿವೆ. ಸೇವ್ ಮಾಡದೆ ಮುಚ್ಚಿಹೋದ ವರ್ಡ್ ಕಡತದ ತಾತ್ಕಾಲಿಕ ಪ್ರತಿ ಅಲ್ಲಿದೆ. ಹಳೆಯ ಔಟ್‌ಲುಕ್ ಬಳಸುವ ಗುಮಾಸ್ತರ ವರ್ಷಗಳ ಇಮೇಲ್ ಅಲ್ಲಿದೆ. ಔಷಧದಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಲೆಕ್ಕವನ್ನೆಲ್ಲ ಪ್ರೋಗ್ರಾಮ್ ಫೈಲ್ಸ್ ಒಳಗೇ ಬರೆದಿಟ್ಟುಕೊಂಡಿದ್ದರೆ ಅದೂ ಪಟ್ಟಿಯ ಹೊರಗೆ. ಮಾಲೀಕ ‘ನನ್ನ ಫೈಲುಗಳು’ ಎಂದು ಒತ್ತಿದಾಗ ಅವನ ಮನಸ್ಸಿನಲ್ಲಿದ್ದದ್ದು ಆ ಲೆಕ್ಕವೇ. ಗೋಡೆಗೆ ಸುಣ್ಣ ಬಳಿಯಲು ಬಂದವರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಬೀದಿಗೆ ಹಾಕಿ, ಒಳಗಿದ್ದ ಕಾಗದಗಳ ಜೆರಾಕ್ಸ್ ಯಾಕೆ ಇಟ್ಟಿರಲಿಲ್ಲ ಎಂದು ಮನೆಯವರನ್ನೇ ಗದರಿದರೆ ಒಪ್ಪುತ್ತೇವೆಯೇ?

ಅಷ್ಟಾದರೂ ಇವೆಲ್ಲ ತಕ್ಷಣ ಅಳಿಯುವುದಿಲ್ಲ. ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನೊಳಗೆ ಹೋಗಿ ಕೂರುತ್ತವೆ. ಆವೃತ್ತಿ ಬದಲಾದಾಗಲೂ ಅಲ್ಲಿಗೇ. ಅದಕ್ಕೊಂದು ಗಡುವಿದೆ. ವಿಂಡೋಸ್ 10 ಬಂದ ಹೊಸತರಲ್ಲಿ ಆವೃತ್ತಿ ಬದಲಾದ ಮೇಲೆ ಹಿಂದಿರುಗಲು 30 ದಿನ ಇತ್ತು. 2016ರ ದೊಡ್ಡ ಅಪ್‌ಡೇಟಿನಿಂದ ಅದು 10 ದಿನಕ್ಕೆ ಇಳಿಯಿತು. ಅವಧಿ ಮುಗಿದರೆ ವ್ಯವಸ್ಥೆಯೇ ಹಳೆಯ ಫೋಲ್ಡರನ್ನು ಗುಡಿಸಿಹಾಕುತ್ತದೆ. ಅಂಗಡಿಯವರು ‘ಜಾಗ ಖಾಲಿ ಮಾಡಿಕೊಡ್ತೀನಿ’ ಎಂದು ಡಿಸ್ಕ್ ಕ್ಲೀನಪ್ ಓಡಿಸಿದರೆ ಅದೇ ದಿನ ಮುಗಿಯಿತು. ‘ಬ್ಯಾಕಪ್ ಇಲ್ಲ, ಹೋಯ್ತು’ ಎಂಬ ಮಾತು ಕೇಳಿ ಎರಡು ವಾರ ಬೇಸರದಲ್ಲಿ ಕೂತ ಮನುಷ್ಯ ಕಳೆದುಕೊಳ್ಳುವುದು ಈ ಹತ್ತು ದಿನಗಳನ್ನು.

2020ರ ಫೆಬ್ರವರಿಯ ಘಟನೆಯನ್ನು ಈ ತೀರ್ಪುಗಾರರು ನೆನಪಿಟ್ಟುಕೊಳ್ಳಬೇಕು. ಕೆಬಿ4532693 ಎಂಬ ಅಪ್‌ಡೇಟ್ ಕೂತ ಮೇಲೆ ಕೆಲವರ ವಿಂಡೋಸ್ 10 ಹೊಚ್ಚಹೊಸದರಂತೆ ತೆರೆದುಕೊಂಡಿತು. ಡೆಸ್ಕ್‌ಟಾಪಿನಲ್ಲಿ ಅವರ ಒಂದು ಐಕಾನೂ ಇರಲಿಲ್ಲ. ಎಲ್ಲ ಅಳಿಸಿಹೋಯಿತು ಎಂದು ಜನ ಗಾಬರಿಯಾದರು. ನಡೆದದ್ದು ಬೇರೆ. ವಿಂಡೋಸ್ ಅವರನ್ನು ತಾತ್ಕಾಲಿಕ ಪ್ರೊಫೈಲಿನೊಳಗೆ ಕೂರಿಸಿತ್ತು. ಅಸಲಿ ಪ್ರೊಫೈಲಿನ ಫೋಲ್ಡರು ಯೂಸರ್ಸ್ ಒಳಗೇ, ಹೆಸರಿನ ಕೊನೆಗೆ ಮೂರು ಸೊನ್ನೆಯನ್ನೋ ‘ಬಿಎಕೆ’ ಎಂಬ ಬಾಲವನ್ನೋ ಅಂಟಿಸಿಕೊಂಡು ಹಾಗೇ ಇತ್ತು. ಅಲ್ಲಿ ಇಣುಕಿದವರಿಗೆ ಫೈಲು ಸಿಕ್ಕಿತು. ಆ ದಿನ ಯಾರಾದರೂ ‘ಬ್ಯಾಕಪ್ ಇಟ್ಟಿರಲಿಲ್ವಾ’ ಎಂದು ಕೇಳಿ ಫಾರ್ಮ್ಯಾಟ್ ಮಾಡಿಕೊಟ್ಟಿದ್ದರೆ, ಫೈಲನ್ನು ಅಳಿಸಿದವರು ಅವರೇ ಆಗುತ್ತಿದ್ದರು.

ಇಂಥ ತಾತ್ಕಾಲಿಕ ಪ್ರೊಫೈಲು ಆ ಒಂದು ಅಪ್‌ಡೇಟಿಗೆ ಸೀಮಿತವಲ್ಲ. ರೀಸ್ಟೋರ್ ಮಧ್ಯದಲ್ಲಿ ಕರೆಂಟು ಹೋದರೆ, ರಿಜಿಸ್ಟ್ರಿಯ ಒಂದು ನಮೂದು ಹಾಳಾದರೆ ಇದೇ ಆಗಬಹುದು. ಅದರಲ್ಲಿ ಕೂತು ಮಾಡಿದ ಕೆಲಸ ಸೈನ್ ಔಟ್ ಆದೊಡನೆ ಮಾಯ, ಹಾಗಾಗಿ ಗುರುತಿಸುವುದು ತುರ್ತು. ಒನ್‌ಡ್ರೈವ್‌ನದು ಮತ್ತೊಂದು ಗೊಂದಲ. ಡೆಸ್ಕ್‌ಟಾಪನ್ನು ಒನ್‌ಡ್ರೈವ್‌ಗೆ ಒಪ್ಪಿಸಿದ್ದರೆ ಫೈಲುಗಳು ನಿಜಕ್ಕೂ ಇರುವುದು ಒನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪಿನಲ್ಲಿ. ರೀಸೆಟ್ ಆದ ಮೇಲೆ ಆ ಖಾತೆಗೆ ಲಾಗಿನ್ ಆಗದಿದ್ದರೆ ಕಾಣುವುದು ಬರಿಯ ಖಾಲಿ ಪರದೆ. ಇನ್ನು ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹೊಡೆದು ‘ಸಿಗಲಿಲ್ಲ’ ಎಂದು ಬಂದರೆ ಅದನ್ನು ನಂಬಬಾರದು. ರೀಸ್ಟೋರ್ ಆದ ಮೇಲೆ ಆ ಪೆಟ್ಟಿಗೆಯ ಸೂಚಿ ಹೊಸದಾಗಿ ಕಟ್ಟಬೇಕಾಗಿ ಬರಬಹುದು. ಅದು ಮುಗಿಯುವವರೆಗೆ ಇರುವ ಫೈಲನ್ನೂ ಇಲ್ಲ ಎನ್ನುತ್ತದೆ. ಅಡಗಿದ ಫೋಲ್ಡರುಗಳನ್ನು ತೋರಿಸುವಂತೆ ಮಾಡಿ, ಯೂಸರ್ಸ್ ಫೋಲ್ಡರನ್ನು ಒಂದೊಂದಾಗಿ ಕಣ್ಣಾರೆ ನೋಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇದೆಲ್ಲದರ ಮೇಲೆ ಇನ್ನೊಂದು ಪೆಟ್ಟಿದೆ. ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳ್ಳಿಯ ಚರಿತ್ರೆಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಯಂತ್ರ ನಿಧಾನವಾಯಿತೆಂದು ರೀಸೆಟ್ ಮಾಡಿಸಿದರು. ಡಾಕ್ಯುಮೆಂಟ್ಸ್‌ನಲ್ಲಿದ್ದ ಫೈಲೇನೋ ಉಳಿದಿತ್ತು. ತೆರೆದರೆ ಪುಟದ ತುಂಬ ರೋಮನ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಗಳ ಸಾಲು. ನಾನು ಅಂಗಡಿಗೆ ಹೋದಾಗ ಹುಡುಗ ಹೇಳುತ್ತಿದ್ದ: “ಸರ್, ಫೈಲ್ ಕರಪ್ಟ್ ಆಗಿದೆ. ಬ್ಯಾಕಪ್ ಇಟ್ಟಿಲ್ಲ ಅಂದ್ರೆ ಏನೂ ಮಾಡಕ್ಕಾಗಲ್ಲ. ಡಿಲೀಟ್ ಮಾಡ್ಬಿಡ್ಲಾ?” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಸುಮ್ಮನೆ ನಿಂತಿದ್ದರು. “ಇರಪ್ಪ, ನುಡಿ ಹಾಕಿ ನೋಡು” ಎಂದೆ. ಹಾಕಿದ. ‘ನುಡಿ 01 ಇ’ ಫಾಂಟು ಕೂತಕೂಡಲೆ ಅದೇ ಪುಟದ ಮೇಲೆ ಕೆರೆಯ ಹೆಸರು, ಶಾನುಭೋಗರ ಹೆಸರು, ಪ್ಲೇಗಿನ ವರ್ಷದ ಕಥೆ, ಎಲ್ಲ ಸಾಲಾಗಿ ಎದ್ದು ನಿಂತವು. ಮೇಷ್ಟ್ರು ಮೊದಲ ಪುಟವನ್ನು ಅಲ್ಲೇ ನಿಂತು ಪೂರ್ತಿ ಓದಿದರು.

ಆ ಫೈಲಿಗೆ ಏನೂ ಆಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಕಡತಗಳಲ್ಲಿ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ, ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ರೀಸೆಟ್ ಆದಾಗ ಪ್ರೋಗ್ರಾಮಿನ ಜೊತೆ ಫಾಂಟು ಹೋಗುತ್ತದೆ. ಕರ್ನಾಟಕದ ಸರ್ಕಾರಿ ಕಚೇರಿ, ಪಂಚಾಯಿತಿ, ಡಿಟಿಪಿ ಅಂಗಡಿ, ಸಣ್ಣ ಪತ್ರಿಕೆಗಳ ಕಂಪ್ಯೂಟರುಗಳಲ್ಲಿ ಇಂಥ ಕಡತಗಳು ರಾಶಿರಾಶಿ ಇವೆ. ಅವುಗಳಲ್ಲಿ ಎಷ್ಟನ್ನು ‘ಕರಪ್ಟ್’ ಎಂದು ಅಳಿಸಿದ್ದಾರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಬ್ಯಾಕಪ್ ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಪೆನ್‌ಡ್ರೈವಿನಲ್ಲಿದ್ದ ಪ್ರತಿಯೂ ಅದೇ ಪೌಂಡ್ ಗುರುತುಗಳನ್ನೇ ತೋರಿಸುತ್ತಿತ್ತು. ಬೇಕಾಗಿದ್ದದ್ದು ಏನಾಗಿದೆ ಎಂದು ನೋಡುವ ತಾಳ್ಮೆ.

ಹಾಗಾದರೆ ಫೈಲು ನಿಜಕ್ಕೂ ಅಳಿಯುವುದೇ ಇಲ್ಲವೇ? ಅಳಿಯುತ್ತದೆ. ಆಗ ಹೊಣೆ ಯಾರದೆಂದು ತಿಳಿಯಲು 2018 ನೋಡಬೇಕು. ಆ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ 1809 ಆವೃತ್ತಿಯನ್ನು ಬಿಟ್ಟಿತು. ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು, ಏಕೆಂದರೆ ಕೆಲವರ ದಾಖಲೆಗಳನ್ನು, ಫೋಟೊಗಳನ್ನು ಅದು ಅಳಿಸಿಬಿಟ್ಟಿತ್ತು. ಕಾರಣ ಕಂಪನಿಯೇ ಹೇಳಿತು. ಸಿ ಡ್ರೈವಿನಲ್ಲಿ ಜಾಗ ಸಾಲದೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ಬೇರೆ ಡ್ರೈವಿಗೆ ತಿರುಗಿಸಿಕೊಂಡವರಿದ್ದರು. ಅಂಥವರ ಹಳೆಯ ಜಾಗದಲ್ಲಿ ಖಾಲಿ ಫೋಲ್ಡರು ಎರಡೆರಡು ಕಾಣುತ್ತದೆ ಎಂಬ ದೂರಿತ್ತು. ಅದನ್ನು ಸರಿಪಡಿಸಲು ಬರೆದ ಕೋಡು ಹಳೆಯ ಫೋಲ್ಡರನ್ನು ತೆಗೆದುಹಾಕಿತು, ಅದರೊಳಗೆ ಫೈಲು ಉಳಿದಿದ್ದರೂ ಬಿಡಲಿಲ್ಲ. ಬಿಡುಗಡೆಗೆ ಮೊದಲೇ ಪರೀಕ್ಷಕರಲ್ಲಿ ಕೆಲವರು ಫೈಲು ಹೋಗುತ್ತಿದೆ ಎಂದು ಬರೆದಿದ್ದರು. ಹೆಚ್ಚು ಮತ ಬಿದ್ದ ದೂರುಗಳ ಕೆಳಗೆ ಅವು ಹೂತುಹೋಗಿದ್ದವು. ಆಮೇಲೆ ದೂರು ಕೊಡುವಾಗ ಅದರ ತೀವ್ರತೆಯನ್ನೂ ಗುರುತಿಸುವ ವ್ಯವಸ್ಥೆ ತಂದರು. ಆವೃತ್ತಿ ಮತ್ತೆ ಹೊರಬಂದದ್ದು ನವೆಂಬರ್ 13ಕ್ಕೆ.

ಹಾನಿಯಾದವರ ಪ್ರಮಾಣ ಶೇಕಡಾ ಒಂದರ ನೂರನೇ ಒಂದು ಭಾಗ ಎಂದು ಕಂಪನಿ ಹೇಳಿತು. ಹತ್ತು ಸಾವಿರಕ್ಕೆ ಒಬ್ಬರು. ಆ ಒಬ್ಬರಿಗೆ ಮಗುವಿನ ಮೊದಲ ವರ್ಷದ ಫೋಟೊ ನೂರಕ್ಕೆ ನೂರು ಹೋಗಿತ್ತು. ಅವರ ಮುಂದೆ ನಿಂತು ‘ಬ್ಯಾಕಪ್ ಇಡದ ತಪ್ಪು ನಿನ್ನದು’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಬ್ಯಾಕಪ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಡಿಸ್ಕು ಸಾಯುತ್ತದೆ, ಲ್ಯಾಪ್‌ಟಾಪ್ ಕಳುವಾಗುತ್ತದೆ, ಒತ್ತೆ ಹಣ ಕೇಳುವ ವೈರಸ್ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂದು ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ ಸೂತ್ರ ಒಳ್ಳೆಯ ಸೂತ್ರ. ಅದನ್ನು ಹೇಳಬೇಕಾದ ಸಮಯ ಫೈಲು ಕಳೆಯುವ ಮುಂಚಿನದು. ಬ್ಯಾಕಪ್ ಇಡುವುದನ್ನು ಜನರಿಗೆ ಎಷ್ಟು ಸುಲಭ ಮಾಡಿಕೊಟ್ಟಿದ್ದಾರೆ ಎಂದೂ ಕೇಳಬೇಕು. ವಿಸ್ಟಾ ಮತ್ತು ವಿಂಡೋಸ್ 7ರ ಕೆಲವು ಆವೃತ್ತಿಗಳಲ್ಲಿ ಫೈಲಿನ ಮೇಲೆ ಬಲಗುಂಡಿ ಒತ್ತಿ ಅದರ ಹಿಂದಿನ ರೂಪವನ್ನು ತೆಗೆಯಬಹುದಿತ್ತು, ಬಳಕೆದಾರ ಏನೂ ಮಾಡದಿದ್ದರೂ. ವಿಂಡೋಸ್ 8 ಬಂದಾಗ ಆ ಸೌಲಭ್ಯವನ್ನು ಕಿತ್ತು, ಬೇರೆ ಡಿಸ್ಕನ್ನೋ ನೆಟ್‌ವರ್ಕ್ ಜಾಗವನ್ನೋ ಜೋಡಿಸಿದರೆ ಮಾತ್ರ ನಡೆಯುವ ಫೈಲ್ ಹಿಸ್ಟರಿಯನ್ನು ಕೊಟ್ಟರು. ವಿಂಡೋಸ್ 10ರಲ್ಲಿ ಹಲವು ಯಂತ್ರಗಳಲ್ಲಿ ಸಿಸ್ಟಮ್ ರೀಸ್ಟೋರೇ ಆಫ್ ಆಗಿ ಬಂತು. ಒನ್‌ಡ್ರೈವ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ 15 ಜಿಬಿ 5ಕ್ಕೆ ಇಳಿಯಿತು. ಇಷ್ಟೆಲ್ಲ ಕಿತ್ತುಕೊಂಡವರನ್ನು ಬಿಟ್ಟು, ಸ್ವಂತ ದುಡ್ಡಿನಲ್ಲಿ ಎರಡನೇ ಡಿಸ್ಕು ಕೊಳ್ಳದ ಮೇಷ್ಟ್ರನ್ನು ಬೈಯುವುದು ಸುಲಭದ ಕೆಲಸ.

ಅದೇ ತಪ್ಪು ಪರಿಣತರಿಂದ ಆದಾಗ ನಾವು ಹೇಗೆ ಮಾತಾಡುತ್ತೇವೆ ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ದತ್ತಾಂಶ ಹೋಯಿತು. ಅವರ ಬಳಿ ಒಂದಲ್ಲ ಐದು ರಕ್ಷಣಾ ವಿಧಾನಗಳಿದ್ದವು, ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ಎಚ್ಚರಿಸುವ ಇಮೇಲ್‌ಗಳೂ ಅವರಿಗೆ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಉಳಿಸಿತು. ಆ ಸಂಸ್ಥೆ ಎಲ್ಲಿ ಯಾವುದು ಸೋತಿತು ಎಂದು ವಿವರವಾಗಿ ಬರೆದು ಪ್ರಕಟಿಸಿತು, ಎಲ್ಲರೂ ಮೆಚ್ಚಿದರು. ಸಂಬಳ ಪಡೆದು ಇದೇ ಕೆಲಸ ಮಾಡುವವರಿಗೆ ಕಾರಣ ಹುಡುಕುವ ಗೌರವ ಸಿಗುತ್ತದೆ. ಹಳ್ಳಿಯ ಚರಿತ್ರೆ ಬರೆದವರಿಗೆ ಬೈಗುಳ ಸಿಗುತ್ತದೆ.

ಈ ಬೈಗುಳದ ನಿಜವಾದ ಬೆಲೆ ಮುಂದಿನ ಗಂಟೆಗಳಲ್ಲಿ ತೆರಬೇಕಾಗುತ್ತದೆ. ಫೈಲು ಅಳಿಸಿದಾಗ ವಿಂಡೋಸ್ ಅದರ ವಿಳಾಸವನ್ನು ಮಾತ್ರ ‘ಖಾಲಿ’ ಎಂದು ಗುರುತು ಹಾಕುತ್ತದೆ, ಒಳಗಿನ ಬರಹ ಇನ್ನೊಂದು ಬಂದು ಕೂರುವವರೆಗೆ ಹಾಗೇ ಇರುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಾದರೆ ಯಂತ್ರ ಆರಿಸಿಟ್ಟರೆ ಸಾಕು, ಅವಕಾಶ ಉಳಿಯುತ್ತದೆ. 2018ರಲ್ಲಿ ಮೈಕ್ರೋಸಾಫ್ಟ್ ತೊಂದರೆಗೊಳಗಾದವರಿಗೆ ಕೊಟ್ಟ ಸಲಹೆಯೂ ಅದೇ: ಆ ಯಂತ್ರವನ್ನು ಆದಷ್ಟು ಬಳಸಬೇಡಿ. ಆದರೆ ‘ಹೋಯ್ತು’ ಎಂದು ಕೇಳಿದ ಮನುಷ್ಯ ಏನು ಮಾಡುತ್ತಾನೆ? ಯಂತ್ರವನ್ನು ಎಂದಿನಂತೆ ಓಡಿಸುತ್ತಾನೆ. ಇಲ್ಲವೇ ‘ಫೈಲು ಮರಳಿ ತರುತ್ತೇವೆ’ ಎಂಬ ಯಾವುದೋ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸುತ್ತಾನೆ. ಇಳಿದದ್ದು ಕಳೆದ ಫೈಲಿನ ಮೇಲೆಯೇ ಕೂರಬಹುದು. ಎಸ್‌ಎಸ್‌ಡಿ ಆದರೆ ಸಮಯ ಇನ್ನೂ ಕಡಿಮೆ. ವಿಂಡೋಸ್ 7ರಿಂದೀಚೆಗೆ ಟ್ರಿಮ್ ಎಂಬ ಆಜ್ಞೆ ಅಳಿಸಿದ ಜಾಗವನ್ನು ಡಿಸ್ಕಿಗೇ ತಿಳಿಸಿಬಿಡುತ್ತದೆ, ಡಿಸ್ಕು ಅದನ್ನು ತೊಳೆದುಹಾಕುತ್ತದೆ.

ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಬೇರೆ ಡ್ರೈವಿಗೆ ಪ್ರತಿ ತೆಗೆಯುವುದು ಸರಿಯಾದ ದಾರಿ. ಅಳಿದ ಫೈಲು ಹುಡುಕಲು ಫೋಟೊರೆಕ್ ಎಂಬ ಸಾಧನ ಪುಕ್ಕಟೆ ಸಿಗುತ್ತದೆ. ಮೈಕ್ರೋಸಾಫ್ಟ್‌ನದೇ ವಿಂಡೋಸ್ ಫೈಲ್ ರಿಕವರಿ 2020ರಿಂದ ಇದೆ. ಬಿಚ್ಚುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಇಷ್ಟನ್ನು ಗೊತ್ತಿರುವವರು ಮೊದಲ ಮಾತಾಗಿ ಹೇಳಬೇಕಿತ್ತು. ಅದರ ಜಾಗದಲ್ಲಿ ಅವರು ಬ್ಯಾಕಪ್ ಬಗ್ಗೆ ಕೇಳಿದರು.

ರಿಪೇರಿಯವರಿಂದ ನಾವು ಕೇಳಬೇಕಾದ್ದು ಇಷ್ಟು: ಫಾರ್ಮ್ಯಾಟ್ ಎನ್ನುವ ಮೊದಲು ಯೂಸರ್ಸ್ ಫೋಲ್ಡರು, ವಿಂಡೋಸ್ ಡಾಟ್ ಓಲ್ಡ್, ಒನ್‌ಡ್ರೈವ್, ರದ್ದುಮಾಡುವ ಆಯ್ಕೆ, ಇವನ್ನು ನಮ್ಮ ಕಣ್ಣೆದುರು ತೆರೆದು ತೋರಿಸಿ. ಕನ್ನಡ ಕಡತವಾದರೆ ಫಾಂಟು ಹಾಕಿ ನೋಡದೆ ಕರಪ್ಟ್ ಎನ್ನಬೇಡಿ. ವಿಂಡೋಸ್ ಮಾಡುವವರಿಂದ ಕೇಳಬೇಕಾದ್ದು: ರೀಸ್ಟೋರ್ ಗುಂಡಿಯ ಪಕ್ಕದಲ್ಲೇ ಅಳಿಯಲಿರುವ ಫೈಲುಗಳ ಪಟ್ಟಿ, ಆ್ಯಪ್‌ಡೇಟಾವನ್ನೂ ನನ್ನದೆಂದು ಎಣಿಸುವ ರೀಸೆಟ್, ಮತ್ತು ಹಳೆಯ ಫೋಲ್ಡರನ್ನು ಗುಡಿಸುವ ಮೊದಲು ಒಂದು ಪ್ರಶ್ನೆ. ಪ್ರೋಗ್ರಾಮುಗಳ ಪಟ್ಟಿ ತೋರಿಸಲು ಬರುವ ಯಂತ್ರಕ್ಕೆ ಫೈಲುಗಳ ಪಟ್ಟಿ ತೋರಿಸಲು ಬಾರದೇನು?